ಕಮ್ಮಾರಸಾಲೆಯ ಮಗ, ಜನಸಾಮಾನ್ಯರ ಕವಿ: ಕಾರ್ಲ್ ಸ್ಯಾಂಡ್‌ಬರ್ಗ್

ಅಮೆರಿಕದ ಕಾವ್ಯವೆಂದರೆ ನಮ್ಮಲ್ಲಿ ಮೊದಲು ನೆನಪಾಗುವ ಹೆಸರು ವಾಲ್ಟ್ ವ್ಹಿಟ್‌ಮನ್. ಆಮೇಲೆ ರಾಬರ್ಟ್ ಫ್ರಾಸ್ಟ್. ಕಾಲೇಜಿನಲ್ಲಿ ಇಂಗ್ಲಿಷ್ ಓದಿದವರಿಗೆ ಎಲಿಯಟ್ ಕೂಡ ಗೊತ್ತು. ಇವರ ನಡುವೆ ಕಾರ್ಲ್ ಸ್ಯಾಂಡ್‌ಬರ್ಗ್ ಎಂಬ ಹೆಸರು ಮಾತ್ರ ನಮ್ಮ ಓದುಗರ ಕಿವಿಗೆ ಅಷ್ಟಾಗಿ ಬಿದ್ದಿಲ್ಲ. 1878ರಲ್ಲಿ ಹುಟ್ಟಿ 1967ರಲ್ಲಿ ತೀರಿಕೊಂಡ ಈ ಕವಿಯನ್ನು ಅವನ ನಾಡಿನವರು 'ಜನರ ಕವಿ' ಎಂದು ಕರೆದರು. ಎಂಟನೆಯ ತರಗತಿ ಮುಗಿಸಿ, ಹದಿಮೂರನೆಯ ವಯಸ್ಸಿಗೆ ಶಾಲೆ ಬಿಟ್ಟವನು ಅವನು. ಅಂಥವನಿಗೆ ಪುಲಿಟ್ಜರ್ ಪ್ರಶಸ್ತಿ ಮೂರು ಬಾರಿ ಬಂತು. 1959ರ ಫೆಬ್ರವರಿ 12ರಂದು, ಅಬ್ರಹಾಂ ಲಿಂಕನ್ನನ 150ನೆಯ ಹುಟ್ಟುಹಬ್ಬದ ದಿನ, ಅವನ ಭಾಷಣ ಕೇಳಲೆಂದು ಅಮೆರಿಕದ ಸಂಸತ್ತಿನ ಎರಡೂ ಸದನಗಳು ಒಟ್ಟಾಗಿ ಸೇರಿದ್ದವು.

ಎರಡು ಲಿಪಿಗಳು ಒಂದೇ ಹೊದಿಕೆಯೊಳಗೆ ಕೂರುವ ಈ ವಾರ್ಷಿಕದಲ್ಲಿ ಅವನ ಕುರಿತು ಬರೆಯಬೇಕೆಂದು ನನಗೆ ಅನಿಸಿದ್ದಕ್ಕೆ ಒಂದು ಕಾರಣವಿದೆ. ಸ್ಯಾಂಡ್‌ಬರ್ಗ್ ಹೆಸರು ಗಳಿಸಿದ್ದು ಇಂಗ್ಲಿಷಿನಲ್ಲಿ. ಅವನ ಮನೆಯ ಮಾತು ಸ್ವೀಡಿಷ್. ಅವನು ಯಾರ ಬಗ್ಗೆ ಬರೆದನೋ ಆ ಕೂಲಿಕಾರರಲ್ಲಿಯೂ ಬಹಳಷ್ಟು ಮಂದಿಯ ಮನೆಮಾತು ಇಂಗ್ಲಿಷ್ ಆಗಿರಲಿಲ್ಲ. ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು, ಕಚೇರಿಯ ಕಿಟಕಿಯಲ್ಲಿ ಮತ್ತೊಂದು ಮಾತಾಡಿ ಬದುಕುವ ನಮಗೆ ಈ ಕವಿಯ ಚರಿತ್ರೆಯಲ್ಲಿ ಗಮನಿಸಬೇಕಾದ ಸಂಗತಿ ಕೆಲವು ಇವೆ ಎಂದು ನನ್ನ ಭಾವನೆ.

ರೈಲ್ವೆ ಊರಿನ ಸ್ವೀಡಿಷ್ ಮನೆ

ಇಲಿನಾಯ್ ರಾಜ್ಯದ ಪಶ್ಚಿಮ ಭಾಗದಲ್ಲಿ, ಕಣ್ಣು ಹಾಯಿಸಿದಷ್ಟು ದೂರ ಜೋಳದ ಹೊಲಗಳಿರುವ ಬಯಲುಸೀಮೆಯಲ್ಲಿ, ಗೇಲ್ಸ್‌ಬರ್ಗ್ ಎಂಬ ಊರಿದೆ. 1837ರಲ್ಲಿ ಪೂರ್ವದ ಕಡೆಯಿಂದ ಬಂದ ಕ್ರೈಸ್ತ ಸುಧಾರಕರು ಒಂದು ಕಾಲೇಜನ್ನು ನಡುವಿಗಿಟ್ಟು ಕಟ್ಟಿದ ಊರು ಇದು. ಗುಲಾಮಗಿರಿಯನ್ನು ವಿರೋಧಿಸಿದವರ ಊರೆಂದು ಹೆಸರಾಗಿತ್ತು. 1850ರ ದಶಕದಲ್ಲಿ ಅಲ್ಲಿಗೆ ರೈಲು ಬಂತು. ರೈಲಿನ ಕೆಲಸ ಹುಡುಕಿಕೊಂಡು ಸ್ವೀಡನ್ನಿನ ಬಡ ರೈತ ಕುಟುಂಬಗಳು ಬಂದವು. 1855ರಲ್ಲಿ ಅದೇ ಊರಿನಲ್ಲಿ 'ಹೆಮ್‌ಲಾಂಡೆಟ್' ಎಂಬ ಸ್ವೀಡಿಷ್ ಪತ್ರಿಕೆ ಆರಂಭವಾಯಿತು. ಆ ಹೆಸರಿನ ಅರ್ಥ 'ತಾಯ್ನಾಡು' ಎಂದು. ಕೆಲವು ವರ್ಷಗಳ ಬಳಿಕ ಅದು ಶಿಕಾಗೋ ನಗರಕ್ಕೆ ಸ್ಥಳಾಂತರಗೊಂಡಿತು.

ಕವಿಯ ತಂದೆ ಅಗಸ್ಟ್ ಅಲ್ಲಿನ ರೈಲ್ವೆ ಕಂಪೆನಿಯ ಕಮ್ಮಾರಸಾಲೆಯಲ್ಲಿ ಸಹಾಯಕನಾಗಿದ್ದ. ದಿನಕ್ಕೆ ಹತ್ತು ಗಂಟೆ, ವಾರಕ್ಕೆ ಆರು ದಿನ ಸುತ್ತಿಗೆ ಬಡಿಯುವ ಕೆಲಸ. ಗಂಟೆಗೆ 14 ಸೆಂಟ್ ಕೂಲಿ. ನೂರು ಸೆಂಟಿಗೆ ಒಂದು ಡಾಲರ್ ಎಂಬ ಲೆಕ್ಕದಲ್ಲಿ ವಾರವಿಡೀ ದುಡಿದರೆ ಎಂಟು ಡಾಲರ್ ನಲವತ್ತು ಸೆಂಟ್ ಆಗುತ್ತಿತ್ತು. ಈತನ ಹೆಸರು ಮೊದಲು ಅಗಸ್ಟ್ ಜಾನ್ಸನ್ ಎಂದಿತ್ತಂತೆ. ಕೂಲಿಗಳಲ್ಲಿ ಅದೇ ಹೆಸರಿನವರು ಹಲವರಿದ್ದು, ಒಬ್ಬರ ಕಾಗದ ಇನ್ನೊಬ್ಬರ ಕೈಸೇರಿ ಗೊಂದಲವಾಗುತ್ತಿದ್ದುದರಿಂದ ಸ್ಯಾಂಡ್‌ಬರ್ಗ್ ಎಂದು ಬದಲಾಯಿಸಿಕೊಂಡನೆಂಬುದು ಮನೆಯವರು ಹೇಳುತ್ತಿದ್ದ ಕತೆ. ಸ್ವೀಡಿಷ್ ಬೈಬಲನ್ನು ಓದಬಲ್ಲವನಾಗಿದ್ದ, ಬರೆಯಲು ಬಾರದು, ಕಾಗದಪತ್ರಗಳಿಗೆ ಗೀಟು ಎಳೆದು ಗುರುತು ಹಾಕುತ್ತಿದ್ದ. ತಾಯಿ ಕ್ಲಾರಾ ಮದುವೆಗೆ ಮುಂಚೆ ಹೊಟೇಲೊಂದರಲ್ಲಿ ಕೋಣೆ ಗುಡಿಸುವ ಕೆಲಸದಲ್ಲಿದ್ದವಳು. ಆಕೆಗೆ ಓದುಬರಹದ ಆಸೆಯಿತ್ತು. ಮನೆ ಬಾಗಿಲಿಗೆ ಬಂದ ಪುಸ್ತಕ ಮಾರುವವನಿಂದ ಆಕೆ ಪುಸ್ತಕ ಕೊಂಡರೆ ಗಂಡ ಗೊಣಗುತ್ತಿದ್ದ. ಗಂಟೆಗೆ 14 ಸೆಂಟ್ ದುಡಿಯುವವನ ಗೊಣಗಾಟವನ್ನು ನಾವು ತೀರಾ ತಪ್ಪೆಂದು ಹೇಳುವಂತಿಲ್ಲ.

ಏಳು ಮಕ್ಕಳಲ್ಲಿ ಕಾರ್ಲ್ ಎರಡನೆಯವನು. ಶಾಲೆಗೆ ಸೇರಿದ ಮೇಲೆ ಕಾರ್ಲ್ ಎಂಬ ಹೆಸರು ಪರದೇಶದ್ದೆಂದು ಕಾಣುತ್ತದೆ ಎಂದು ಹುಡುಗ ತನ್ನನ್ನು ಚಾರ್ಲ್ಸ್ ಎಂದು ಕರೆಸಿಕೊಂಡ. ಮುಂದೆ ಬಹುಕಾಲ ಅವನು ಚಾರ್ಲ್ಸ್ ಆಗಿಯೇ ಉಳಿದ. ಮೊದಲ ಕಿರುಪುಸ್ತಕದ ಮೇಲೂ ಅದೇ ಹೆಸರಿದೆ. ತಂದೆ ಬದಲಾಯಿಸಿದ್ದು ಕಾರ್ಖಾನೆಯ ಲೆಕ್ಕ ತಪ್ಪದಿರಲೆಂದು, ಮಗ ಬದಲಾಯಿಸಿದ್ದು ಶಾಲೆಯ ಅಂಗಳದಲ್ಲಿ ಬೇರೆಯವನಾಗಿ ಕಾಣದಿರಲೆಂದು. ಪರಭಾಷೆಯ ನಾಡಿನಲ್ಲಿ ಬಾಳುವೆ ಮಾಡುವ ಕುಟುಂಬಗಳಿಗೆ ಈ ಎರಡು ಕಾರಣಗಳೂ ಅಪರಿಚಿತವಲ್ಲ.

ಹಾಲಿನ ಗಾಡಿಯಿಂದ ಗೂಡ್ಸ್ ಗಾಡಿಗೆ

1892ರಲ್ಲಿ ಗಂಟಲಮಾರಿ ರೋಗ ಆ ಮನೆಯನ್ನು ಹೊಕ್ಕಿತು. ಇಬ್ಬರು ತಮ್ಮಂದಿರು ಒಂದೇ ದಿನ ತೀರಿಕೊಂಡರು. ಮರುವರ್ಷ ದೇಶದಲ್ಲಿ ಹಣದ ಮುಗ್ಗಟ್ಟು ಬಂದು ರೈಲ್ವೆ ಕಾರ್ಖಾನೆಯಲ್ಲಿ ಕೆಲಸದ ಗಂಟೆಗಳನ್ನು ಕಡಿತ ಮಾಡಿದರು. ವೈದ್ಯರ ಬಾಕಿ, ಶವಸಂಸ್ಕಾರದ ಬಾಕಿ, ಮೇಲೆ ಕಡಿಮೆಯಾದ ಕೂಲಿ. ಆಗಲೇ ಶಾಲೆ ಬಿಟ್ಟಿದ್ದ ಹುಡುಗ ಹಾಲಿನ ಗಾಡಿ ಓಡಿಸಿದ, ಕ್ಷೌರದಂಗಡಿಯಲ್ಲಿ ಗಿರಾಕಿಗಳ ಬೂಟು ಒರೆಸಿದ, ಸಿಕ್ಕಿದ ಕೆಲಸಕ್ಕೆಲ್ಲ ಹೋದ. ಅವನು ದಿನಾ ನಡೆಯುತ್ತಿದ್ದ ದಾರಿ ನಾಕ್ಸ್ ಕಾಲೇಜಿನ ಅಂಗಳದ ಮೂಲಕ ಹಾದುಹೋಗುತ್ತಿತ್ತು. 1858ರಲ್ಲಿ ಆ ಕಾಲೇಜಿನ ಕಟ್ಟಡದ ಮುಂದೆ ನಿಂತು ಲಿಂಕನ್ ಗುಲಾಮಗಿರಿಯ ಪ್ರಶ್ನೆಯ ಮೇಲೆ ಸ್ಟೀಫನ್ ಡಗ್ಲಸ್ ಎಂಬ ಎದುರಾಳಿಯೊಡನೆ ಬಹಿರಂಗ ವಾಗ್ವಾದ ನಡೆಸಿದ್ದ. ಅದರ ನೆನಪಿಗಾಗಿ ಗೋಡೆಗೆ ಜಡಿದ ಕಂಚಿನ ಫಲಕದಲ್ಲಿ ಲಿಂಕನ್ನನ ಮಾತುಗಳಿದ್ದವು. ಹಾಲಿನ ಹುಡುಗ ಅದನ್ನು ಚಳಿಯಲ್ಲೂ ಮಳೆಯಲ್ಲೂ ಓದಿಕೊಂಡು ಹೋಗುತ್ತಿದ್ದನಂತೆ. ಮುಂದೆ ಆರು ದಪ್ಪ ಸಂಪುಟಗಳಾಗಿ ಬೆಳೆದ ಲಿಂಕನ್ ಚರಿತ್ರೆಯ ಬೀಜ ಅಲ್ಲಿ ಬಿತ್ತು.

1897ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅವನು ಟಿಕೆಟ್ಟಿಲ್ಲದೆ ಗೂಡ್ಸ್ ಗಾಡಿಯ ಡಬ್ಬಿ ಹತ್ತಿ ಪಶ್ಚಿಮಕ್ಕೆ ಹೊರಟ. ಕಾನ್ಸಾಸಿನಲ್ಲಿ ಗೋಧಿ ಕೊಯ್ಲು, ಹೊಟೇಲುಗಳಲ್ಲಿ ಪಾತ್ರೆ ತೊಳೆಯುವುದು, ರೈಲು ಹಳಿಯ ದುರಸ್ತಿ. ಊರೂರು ಅಲೆಯುವ ಕೂಲಿಗಳ ಜೊತೆ ಬೆಂಕಿಯ ಸುತ್ತ ಕುಳಿತು ಅವರ ಹಾಡು, ಗಾದೆ, ಬೈಗುಳ, ಕಟ್ಟುಕತೆಗಳನ್ನು ಕೇಳಿದ. ಮುಂದೊಮ್ಮೆ ಹೀಗೆ ಟಿಕೆಟ್ಟಿಲ್ಲದೆ ಗೂಡ್ಸ್ ಹತ್ತಿದ್ದಕ್ಕೆ ಹತ್ತು ದಿನ ಜೈಲಿನಲ್ಲೂ ಇದ್ದ.

1898ರಲ್ಲಿ ಸ್ಪೇನಿನ ವಿರುದ್ಧ ಯುದ್ಧ ಶುರುವಾದಾಗ ಸೇನೆಗೆ ಸೇರಿ ಪೋರ್ಟೋರಿಕೋ ದ್ವೀಪಕ್ಕೆ ಹೋದ. ಕಾದಾಟಕ್ಕಿಂತ ಸೊಳ್ಳೆ, ಸೆಕೆ, ಕೆಟ್ಟ ಊಟಗಳೇ ಅಲ್ಲಿನ ಅನುಭವ. ಯುದ್ಧದಿಂದ ಮರಳಿದವನೆಂದು ಊರಿನ ಲೊಂಬಾರ್ಡ್ ಕಾಲೇಜಿನಲ್ಲಿ ಶುಲ್ಕವಿಲ್ಲದೆ ಓದುವ ಅವಕಾಶ ಸಿಕ್ಕಿತು. ಖರ್ಚಿಗೆ ಅಗ್ನಿಶಾಮಕ ದಳದಲ್ಲಿ ಕೆಲಸ. ಗಂಟೆ ಬಾರಿಸಿದರೆ ತರಗತಿ ಬಿಟ್ಟು ಓಡಬೇಕು. ಅಲ್ಲಿ ಫಿಲಿಪ್ ಗ್ರೀನ್ ರೈಟ್ ಎಂಬ ಅಧ್ಯಾಪಕನ ಕಣ್ಣಿಗೆ ಬಿದ್ದ. ರೈಟ್ ತನ್ನ ಮನೆಯ ನೆಲಮಾಳಿಗೆಯಲ್ಲಿ ಒಂದು ಪುಟ್ಟ ಕೈಮುದ್ರಣ ಯಂತ್ರ ಇಟ್ಟುಕೊಂಡಿದ್ದ. 1904ರಲ್ಲಿ ಸ್ಯಾಂಡ್‌ಬರ್ಗನ ಮೊದಲ ಕಿರುಪುಸ್ತಕ ಅಚ್ಚಾದದ್ದು ಆ ಯಂತ್ರದಲ್ಲಿ. ಅಷ್ಟರಲ್ಲಿ ಅವನು ಪದವಿ ಪಡೆಯದೆ ಕಾಲೇಜು ಬಿಟ್ಟೂ ಆಗಿತ್ತು.

ಮತ್ತೆ ಕಾರ್ಲ್ ಆದದ್ದು

1907ರಲ್ಲಿ ಅವನು ವಿಸ್ಕಾನ್ಸಿನ್ ರಾಜ್ಯದಲ್ಲಿ ಸೋಶಿಯಲ್ ಡೆಮಾಕ್ರಟಿಕ್ ಪಕ್ಷದ ಸಂಘಟಕನಾದ. ಹಳ್ಳಿಹಳ್ಳಿ ತಿರುಗಿ ಭಾಷಣ ಮಾಡುವುದು, ಕರಪತ್ರ ಹಂಚುವುದು. ಎಂಟು ಗಂಟೆಯ ದುಡಿಮೆ, ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳದಿರುವುದು, ಮುದುಕರಿಗೆ ಪಿಂಚಣಿ ಮುಂತಾದವು ಆ ಚಳವಳಿಯ ಬೇಡಿಕೆಗಳು. ಪಕ್ಷದ ಕಚೇರಿಯಲ್ಲಿ ಲಿಲಿಯನ್ ಸ್ಟೈಕನ್ ಎಂಬ ಶಿಕ್ಷಕಿಯ ಪರಿಚಯವಾಯಿತು. ಆಕೆಯ ತಂದೆತಾಯಿಯೂ ವಲಸೆ ಬಂದವರೇ, ಲಕ್ಸೆಂಬರ್ಗಿನವರು. ಮುಂದೆ ಛಾಯಾಚಿತ್ರ ಕಲೆಯಲ್ಲಿ ಜಗತ್ಪ್ರಸಿದ್ಧನಾದ ಎಡ್ವರ್ಡ್ ಸ್ಟೈಕನ್ ಆಕೆಯ ಅಣ್ಣ. 1908ರಲ್ಲಿ ಮದುವೆಯಾಯಿತು. ತಂದೆತಾಯಿ ಇಟ್ಟ ಹೆಸರನ್ನೇ ಮತ್ತೆ ಹಿಡಿಯುವಂತೆ ಆಕೆ ಹೇಳಿದಳು. ಚಾರ್ಲ್ಸ್ ಮರಳಿ ಕಾರ್ಲ್ ಆದ.

1910ರಲ್ಲಿ ಮಿಲ್ವಾಕಿ ನಗರದಲ್ಲಿ ಎಮಿಲ್ ಸೈಡೆಲ್ ಎಂಬ ಸಮಾಜವಾದಿ ಮೇಯರ್ ಆಗಿ ಗೆದ್ದಾಗ ಸ್ಯಾಂಡ್‌ಬರ್ಗ್ ಅವನ ಕಾರ್ಯದರ್ಶಿಯಾದ. ಅದೇ ವರ್ಷ ತಂದೆ ಅಗಸ್ಟ್ ತೀರಿಕೊಂಡ. ಮಗನ ಒಂದು ದೊಡ್ಡ ಪುಸ್ತಕವನ್ನೂ ಆತ ಕಾಣಲಿಲ್ಲ.

ಶಿಕಾಗೋ ಮತ್ತು ಕೂಲಿಯ ಲೆಕ್ಕ

1912ರಲ್ಲಿ ದಂಪತಿ ಶಿಕಾಗೋಗೆ ಬಂದರು. ಜಾನುವಾರುಗಳ ದೊಡ್ಡಿ, ಕಸಾಯಿಖಾನೆ, ಉಕ್ಕಿನ ಕುಲುಮೆ, ಹತ್ತಾರು ರೈಲು ಮಾರ್ಗಗಳ ಆ ನಗರಕ್ಕೆ ಯುರೋಪಿನ ಮೂಲೆಮೂಲೆಯಿಂದ ಜನ ಬಂದು ಬೀಳುತ್ತಿದ್ದರು. 'ದಿ ಡೇ ಬುಕ್' ಎಂಬ, ಜಾಹೀರಾತನ್ನೇ ತೆಗೆದುಕೊಳ್ಳದ ಪುಟ್ಟ ಪತ್ರಿಕೆಯಲ್ಲಿ ಸ್ಯಾಂಡ್‌ಬರ್ಗ್ ವರದಿಗಾರನಾದ. ಜಾಹೀರಾತು ಇಲ್ಲದ್ದರಿಂದ ದೊಡ್ಡ ಅಂಗಡಿಗಳ ಮಾಲೀಕರ ಮುಲಾಜು ಇರಲಿಲ್ಲ. ಅಲ್ಲಿ ಮಾರಾಟಕ್ಕೆ ನಿಲ್ಲುವ ಹುಡುಗಿಯರ ಸಂಬಳದ ವಿಷಯ ಧೈರ್ಯವಾಗಿ ಬರೆಯಬಹುದಿತ್ತು. ಹಗಲು ವರದಿ, ರಾತ್ರಿ ಕವಿತೆ.

ಅದೇ ಊರಿನಲ್ಲಿ ಹ್ಯಾರಿಯಟ್ ಮನ್ರೋ ಎಂಬ ಮಹಿಳೆ 1912ರಲ್ಲಿ 'ಪೊಯಟ್ರಿ' ಎಂಬ ಮಾಸಪತ್ರಿಕೆ ಆರಂಭಿಸಿದ್ದರು. ಆ ವರ್ಷದ ಡಿಸೆಂಬರ್ ಸಂಚಿಕೆಯಲ್ಲಿ ನಮ್ಮ ರವೀಂದ್ರನಾಥ ಠಾಕೂರರ 'ಗೀತಾಂಜಲಿ'ಯ ಕೆಲವು ಕವಿತೆಗಳು ಪ್ರಕಟವಾಗಿದ್ದವು. ಅವರಿಗೆ ನೊಬೆಲ್ ಬಂದದ್ದು ಮರುವರ್ಷ. 1914ರ ಮಾರ್ಚ್ ಸಂಚಿಕೆಯಲ್ಲಿ ಸ್ಯಾಂಡ್‌ಬರ್ಗನ ಶಿಕಾಗೋ ಕವಿತೆಗಳು ಬಂದವು. ನಗರವನ್ನು ಅದರ ಕಸುಬುಗಳ ಹೆಸರಿನಿಂದಲೇ ಕರೆದು, ಅದರ ಕೆಡುಕನ್ನೆಲ್ಲ ಒಪ್ಪಿಕೊಂಡೂ ಅದರ ತೋಳ್ಬಲವನ್ನು ಕೊಂಡಾಡುವ ಮೊದಲ ಕವಿತೆ ದೊಡ್ಡ ಗದ್ದಲ ಎಬ್ಬಿಸಿತು. 'ದಿ ಡಯಲ್' ಎಂಬ ಪ್ರತಿಷ್ಠಿತ ಪತ್ರಿಕೆ ಇದನ್ನು ಕಾವ್ಯಪ್ರಿಯರಿಗೆ ಮಾಡಿದ ಅವಮಾನವೆಂದು ಹಳಿಯಿತು. ಪ್ರಾಸವಿಲ್ಲ, ಛಂದಸ್ಸಿಲ್ಲ, ಬೀದಿಯ ಮಾತು. ಆದರೆ ಆ ವರ್ಷದ ಬಹುಮಾನವನ್ನು 'ಪೊಯಟ್ರಿ' ಅವನಿಗೇ ಕೊಟ್ಟಿತು. 1916ರಲ್ಲಿ 'ಶಿಕಾಗೋ ಪೊಯಮ್ಸ್' ಸಂಕಲನ ಹೊರಬಂತು. ಮೂವತ್ತೆಂಟನೆಯ ವಯಸ್ಸಿಗೆ ಅವನು ಕವಿಯೆಂದು ನಾಡಿಗೆ ಗೊತ್ತಾದ.

ಈ ಸಂಕಲನದ ಕವಿತೆಗಳಲ್ಲಿ ನಾನು ಗಮನಿಸಿದ ಒಂದು ಗುಣವಿದೆ. ಬಡವರ ಬಗ್ಗೆ ಬರೆದ ಕವಿಗಳು ಎಲ್ಲ ಭಾಷೆಗಳಲ್ಲೂ ಇದ್ದಾರೆ. ಬಡವನ ಕೂಲಿ ಎಷ್ಟು ಎಂದು ಕವಿತೆಯೊಳಗೇ ಬರೆದಿಟ್ಟವರು ಕಡಿಮೆ. ಕಸಾಯಿಖಾನೆಯಲ್ಲಿ ರಕ್ತ ಗುಡಿಸುವ ಒಬ್ಬ ಕೂಲಿಯ ಮೂರು ವರ್ಷದ ಮಗಳು ಸತ್ತ ಕುರಿತು ಅವನದೊಂದು ಕವಿತೆಯಿದೆ. ತಂದೆಯ ದಿನಗೂಲಿ ಒಂದು ಡಾಲರ್ ಎಪ್ಪತ್ತು ಸೆಂಟ್. ಮಗುವಿನ ಶವಪೆಟ್ಟಿಗೆಯ ಸಾಲವನ್ನು ಅವನು ಪ್ರತಿ ಶನಿವಾರ ಐವತ್ತು ಸೆಂಟಿನಂತೆ ತೀರಿಸಬೇಕು. ದೊಡ್ಡವರ ಸಾವಿಗೆ ಅಳುವ ಹಕ್ಕಿರುವಂತೆ ಈ ಮಗುವಿಗಾಗಿ ಅಳುವ ಹಕ್ಕು ತನಗೂ ಇದೆ ಎಂಬುದು ಕವಿಯ ವಾದ. ತಮ್ಮಂದಿರಿಬ್ಬರ ಸಾವಿನ ಬಾಕಿಯನ್ನು ತಂದೆ ಹೇಗೆ ತೀರಿಸಿದನೆಂದು ಕಂಡ ಹುಡುಗ ಬರೆದ ಕವಿತೆ ಇದು ಎಂದು ನೆನೆದರೆ ಆ ಐವತ್ತು ಸೆಂಟಿನ ಭಾರ ತಿಳಿಯುತ್ತದೆ.

ಇನ್ನೊಂದು ಕವಿತೆ ಈರುಳ್ಳಿ ಹೊಲದ್ದು. ಇಟಲಿಯಿಂದ ಬಂದ ಕುಟುಂಬದ ಗರ್ಭಿಣಿ ಸೊಸೆ ದಿನಕ್ಕೆ ಹತ್ತು ಗಂಟೆ ಈರುಳ್ಳಿ ಕೀಳುತ್ತಾಳೆ. ಪೆಟ್ಟಿಗೆಗೆ ಎಂಟು ಸೆಂಟ್. ಪತ್ರಿಕೆಯ ಜಾಹೀರಾತು ನೋಡಿ ಹೆಚ್ಚು ಹೆಂಗಸರು ಕೆಲಸ ಕೇಳಿ ಬಂದರೆಂದು ಮಾಲೀಕ ಅದನ್ನು ಆರು ಸೆಂಟಿಗೆ ಇಳಿಸುತ್ತಾನೆ. ಭಾನುವಾರ ಇಗರ್ಜಿಯಲ್ಲಿ ಕುಳಿತು ಜಾಹೀರಾತನ್ನು ಇನ್ನೂ ಹೇಗೆ ಚೆನ್ನಾಗಿ ಬರೆಯಲಿ ಎಂದು ಯೋಚಿಸುತ್ತಾನೆ. ಕವಿ ಸಿಟ್ಟಿನ ಒಂದು ಮಾತನ್ನೂ ಆಡುವುದಿಲ್ಲ. ಲೆಕ್ಕ ಹೇಳಿ ಸುಮ್ಮನಾಗುತ್ತಾನೆ.

ಹಿಂದೆ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಒಮ್ಮೆ ಪಠ್ಯದ ಹೊರಗೆ ಈ ಕವಿತೆಯನ್ನು ತರಗತಿಯಲ್ಲಿ ಓದಿ ಕನ್ನಡದಲ್ಲಿ ಅರ್ಥ ಹೇಳಿದ್ದೆ. ಸಾಮಾನ್ಯವಾಗಿ ಬಾಯಿಬಿಡದ, ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಎದ್ದು, "ಸರ್, ದಿನಕ್ಕೆ ಎಷ್ಟು ಪೆಟ್ಟಿಗೆ ಆಗುತ್ತದೆ ಅಂತ ಬರೆದಿದ್ದಾರಾ?" ಎಂದು ಕೇಳಿದಳು. ಅವಳ ತಾಯಿ ಬೀಡಿ ಕಟ್ಟುವವರು. ಸಾವಿರಕ್ಕೆ ಇಂತಿಷ್ಟು ಎಂಬ ಲೆಕ್ಕ, ಕಟ್ಟಿದ್ದರಲ್ಲಿ ಒಂದಷ್ಟನ್ನು ಸರಿಯಿಲ್ಲವೆಂದು ಬದಿಗಿಡುವುದು, ಎಲೆಯ ತೂಕ ಇವೆಲ್ಲ ಅವಳಿಗೆ ಮನೆಯ ಸಂಗತಿ. ಉಳಿದವರು ಕವಿತೆಯ ಸಾರಾಂಶ ಬರೆದುಕೊಳ್ಳುತ್ತಿದ್ದರೆ ಅವಳು ಕೂಲಿ ಲೆಕ್ಕ ಹಾಕುತ್ತಿದ್ದಳು. ಸ್ಯಾಂಡ್‌ಬರ್ಗ್ ಯಾರಿಗಾಗಿ ಬರೆದನೋ ಅಂಥ ಓದುಗಳು ಅವಳೇ ಎಂದು ನನಗೆ ಆಗ ತೋರಿತು.

ಹಾಗೆಂದು ಅವನ ಜನರು ಬರಿಯ ನೋವಿನ ಜನರಲ್ಲ. ಸುಖವೆಂದರೇನು ಎಂದು ಪ್ರಾಧ್ಯಾಪಕರನ್ನೂ ಕಂಪೆನಿಯ ದೊಡ್ಡವರನ್ನೂ ಕೇಳಿ ಉತ್ತರ ಸಿಗದೆ, ಒಂದು ಭಾನುವಾರ ನದಿಯ ದಂಡೆಯಲ್ಲಿ ಹೆಂಡತಿ ಮಕ್ಕಳೊಡನೆ ಮರದಡಿ ಕುಳಿತು ವಾದ್ಯ ನುಡಿಸುತ್ತಿದ್ದ ಹಂಗೇರಿಯ ಕೂಲಿಗಳನ್ನು ಕಂಡ ಕುರಿತು ಒಂದು ಪುಟ್ಟ ಕವಿತೆ ಅವನದಿದೆ. ಜನರ ಬಗೆಗಿನ ಅವನ ಗೌರವ ಅನುಕಂಪದಿಂದ ಬಂದದ್ದಲ್ಲ, ಒಡನಾಟದಿಂದ ಬಂದದ್ದು.

ಮಾತಿನ ಮೇಲೆ ನಿರ್ಬಂಧ

ಇಲ್ಲಿ ಆ ಕಾಲದ ಇನ್ನೊಂದು ಚರಿತ್ರೆಯನ್ನು ಹೇಳಲೇಬೇಕು. ಗೇಲ್ಸ್‌ಬರ್ಗಿನಲ್ಲಿ ಹುಟ್ಟಿದ 'ಹೆಮ್‌ಲಾಂಡೆಟ್' ಪತ್ರಿಕೆ ಸುಮಾರು ಅರವತ್ತು ವರ್ಷ ನಡೆದು 1914ರಲ್ಲಿ ನಿಂತು, ಇನ್ನೊಂದು ಪತ್ರಿಕೆಯೊಳಗೆ ಸೇರಿಹೋಯಿತು. ಸ್ಯಾಂಡ್‌ಬರ್ಗನ ಇಂಗ್ಲಿಷ್ ಕವಿತೆಗಳು ಶಿಕಾಗೋದಲ್ಲಿ ಅಚ್ಚಾದ ವರ್ಷವೂ ಅದೇ.

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದ ಮೇಲೆ ಪರಭಾಷೆಗಳ ಮೇಲೆ ಸಂಶಯ ಹೆಚ್ಚಿತು. 1918ರ ಮೇ ತಿಂಗಳಲ್ಲಿ, ಇಲಿನಾಯ್‌ಗೆ ತಾಗಿರುವ ಅಯೋವಾ ರಾಜ್ಯದ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಘೋಷಣೆ ಹೊರಡಿಸಿದ. ಶಾಲೆಯಲ್ಲಿ, ಸಾರ್ವಜನಿಕ ಸ್ಥಳದಲ್ಲಿ, ರೈಲಿನಲ್ಲಿ, ಟೆಲಿಫೋನಿನಲ್ಲಿ, ಇಗರ್ಜಿಯ ಪ್ರವಚನದಲ್ಲಿ ಇಂಗ್ಲಿಷ್ ಮಾತ್ರ. ಅದಕ್ಕೆ 'ಬೇಬೆಲ್ ಘೋಷಣೆ' ಎಂದು ಹೆಸರು ಬಿತ್ತು. ಗುರಿ ಜರ್ಮನ್ ಭಾಷೆಯಾದರೂ ಪೆಟ್ಟು ಸ್ವೀಡಿಷ್, ನಾರ್ವೇಜಿಯನ್, ಡ್ಯಾನಿಷ್ ಮನೆಗಳಿಗೂ ಬಿತ್ತು. 1919ರಲ್ಲಿ ನೆಬ್ರಾಸ್ಕಾ ರಾಜ್ಯ, ಎಂಟನೆಯ ತರಗತಿ ಮುಗಿಯುವ ಮುಂಚೆ ಮಕ್ಕಳಿಗೆ ಬೇರೆ ಭಾಷೆ ಕಲಿಸಬಾರದೆಂದು ಕಾನೂನು ಮಾಡಿತು. ಹತ್ತು ವರ್ಷದ ಮಗುವಿಗೆ ಜರ್ಮನ್ ಓದಲು ಕಲಿಸಿದ್ದಕ್ಕೆ ರಾಬರ್ಟ್ ಮೇಯರ್ ಎಂಬ ಶಿಕ್ಷಕನಿಗೆ 25 ಡಾಲರ್ ದಂಡ ಬಿತ್ತು. ಆತ ಬಿಡದೆ ಸುಪ್ರೀಂ ಕೋರ್ಟಿನವರೆಗೂ ಹೋದ. 1923ರಲ್ಲಿ ಆ ನ್ಯಾಯಾಲಯ ಕಾನೂನನ್ನು ರದ್ದುಗೊಳಿಸಿತು. ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ಸಿಗಬೇಕೆನ್ನುವ ನಮ್ಮ ಸಂವಿಧಾನದ 350ಎ ವಿಧಿಯನ್ನು ಅರ್ಜಿಯಿಂದ ಅರ್ಜಿಗೆ ಬರೆದವರಿಗೆ ಈ ಮೇಷ್ಟ್ರ ಹಟ ಅರ್ಥವಾಗದೆ ಇರದು.

ಸ್ಯಾಂಡ್‌ಬರ್ಗನಿಗಾದರೋ 1918ರ ಕೊನೆಯಲ್ಲಿ ಪತ್ರಿಕಾ ಸಂಸ್ಥೆಯೊಂದರ ಬಾತ್ಮೀದಾರನಾಗಿ ಸ್ಟಾಕ್‌ಹೋಮಿಗೆ ಹೋಗುವ ಅವಕಾಶ ಬಂತು. ತಂದೆತಾಯಿ ಬಿಟ್ಟುಬಂದ ನಾಡನ್ನು ನಲವತ್ತನೆಯ ವಯಸ್ಸಿನಲ್ಲಿ ಕಂಡ. ಆದರೆ ಅವನು ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ ಮಾತ್ರ.

1919ರ ಬೇಸಿಗೆ

ಯುದ್ಧದ ಕಾಲದಲ್ಲಿ ದಕ್ಷಿಣದ ಹತ್ತಿ ಹೊಲಗಳಿಂದ ಸಾವಿರಾರು ಕರಿಯ ಜನರು ಕೆಲಸ ಹುಡುಕಿ ಶಿಕಾಗೋಗೆ ಬಂದರು. 'ಶಿಕಾಗೋ ಡೈಲಿ ನ್ಯೂಸ್' ಪತ್ರಿಕೆ 1919ರ ಜುಲೈಯಲ್ಲಿ ಸ್ಯಾಂಡ್‌ಬರ್ಗನನ್ನು ಅವರ ಕೇರಿಗಳಿಗೆ ಕಳುಹಿಸಿತು. ಅವನು ಮನೆಬಾಡಿಗೆ, ಕೂಲಿ, ಕಾರ್ಮಿಕ ಸಂಘಗಳ ಬಾಗಿಲು ಅವರಿಗೆ ಎಷ್ಟು ತೆರೆದಿದೆ ಎಂಬುದನ್ನೆಲ್ಲ ವಿಚಾರಿಸಿ ಲೇಖನಮಾಲೆ ಆರಂಭಿಸಿದ. ಆ ಮಾಲೆ ನಡೆಯುತ್ತಿರುವಾಗಲೇ, ಜುಲೈ 27ರಂದು, ಸರೋವರದ ತೀರದಲ್ಲಿ ಯೂಜೀನ್ ವಿಲಿಯಮ್ಸ್ ಎಂಬ ಹದಿನೇಳರ ಕರಿಯ ಹುಡುಗ ಬಿಳಿಯರ ಸ್ನಾನದ ಜಾಗದ ಕಡೆಗೆ ತೇಲಿಹೋದ. ಕಲ್ಲೆಸೆತಕ್ಕೆ ಸಿಕ್ಕಿ ಮುಳುಗಿ ಸತ್ತ. ಅದರಿಂದ ಹೊತ್ತಿಕೊಂಡ ಗಲಭೆಯಲ್ಲಿ 38 ಮಂದಿ ಸತ್ತರು. ಅವರಲ್ಲಿ 23 ಮಂದಿ ಕರಿಯರು, 15 ಮಂದಿ ಬಿಳಿಯರು. ಐನೂರಕ್ಕೂ ಹೆಚ್ಚು ಜನ ಗಾಯಗೊಂಡರು, ಸುಮಾರು ಸಾವಿರ ಮಂದಿ ಮನೆ ಕಳೆದುಕೊಂಡರು.

ಈ ಲೇಖನಗಳು ಅದೇ ವರ್ಷ ಪುಸ್ತಕವಾದವು. ಜಗಳ ಬಣ್ಣದ್ದು ಎಂದು ಎಲ್ಲರೂ ಹೇಳುತ್ತಿದ್ದಾಗ, ಇದರ ಬೇರು ಮನೆ ಮತ್ತು ಕೆಲಸದಲ್ಲಿದೆ ಎಂದು ಅವನು ಕೇರಿಯೊಳಗೆ ಹೋಗಿ ಕೇಳಿ ತಿಳಿದು ಬರೆದ. 1965ರಲ್ಲಿ ಕರಿಯ ಜನರ ಪ್ರಮುಖ ಹಕ್ಕುಸಂಘಟನೆಯಾದ ಎನ್‌ಎಎಸಿಪಿ ಅವನನ್ನು ಗೌರವಿಸಿತು.

ಹಾಡಿನ ಚೀಲ, ಲಿಂಕನ್, ಬೇಬೆಲ್

1920ರ ದಶಕದಲ್ಲಿ ಅವನು ಗಿಟಾರ್ ಹಿಡಿದು ಊರೂರು ತಿರುಗಿದ. ಕವಿತೆ ಓದುವುದು, ಕೊನೆಗೆ ಜನಪದ ಹಾಡು ಹೇಳುವುದು, ಕೇಳಿದವರ ಬಾಯಿಂದ ಇನ್ನಷ್ಟು ಹಾಡು ಬರೆದುಕೊಳ್ಳುವುದು. 1927ರಲ್ಲಿ ಬಂದ 'ದಿ ಅಮೆರಿಕನ್ ಸಾಂಗ್‌ಬ್ಯಾಗ್' ಎಂಬ ಸಂಗ್ರಹದಲ್ಲಿ 280 ಹಾಡುಗಳಿವೆ. ರೈಲು ಕೂಲಿಗಳು, ದನಗಾಹಿಗಳು, ಕೈದಿಗಳು, ನಾವಿಕರು, ಕರಿಯ ದುಡಿಮೆಗಾರರು, ಎಲ್ಲರ ಹಾಡುಗಳೂ ಅಲ್ಲಿವೆ. ಮೆಕ್ಸಿಕೋ ಗಡಿಯ ಹಾಡುಗಳಿಗೆಂದೇ ಒಂದು ಭಾಗವಿದ್ದು ಅಲ್ಲಿ ಸ್ಪಾನಿಷ್ ಮಾತು ಸ್ಪಾನಿಷಾಗಿಯೇ ಉಳಿದಿದೆ. ಗಡಿಯಲ್ಲಿ ಹಾಡುವವರಿಗೂ ದೇಶದ ಹಾಡಿನ ಚೀಲದಲ್ಲಿ ಪಾಲಿದೆ ಎಂದು ಅವನು ತೋರಿಸಿಕೊಟ್ಟ.

1926ರಲ್ಲಿ ಲಿಂಕನ್ನನ ಬಾಲ್ಯ, ಯೌವನಗಳ ಎರಡು ಸಂಪುಟಗಳು, 1939ರಲ್ಲಿ ಯುದ್ಧಕಾಲದ ನಾಲ್ಕು ಸಂಪುಟಗಳು ಹೊರಬಂದವು. ಎರಡನೆಯದಕ್ಕೆ 1940ರಲ್ಲಿ ಚರಿತ್ರೆಯ ವಿಭಾಗದ ಪುಲಿಟ್ಜರ್ ಬಂತು. ಮರದ ಗುಡಿಸಲಿನಲ್ಲಿ ಹುಟ್ಟಿದ ಲಿಂಕನ್, ಅವನ ಸುತ್ತ ಹಳ್ಳಿಗರು, ಅವರ ಹರಟೆ, ಅವರ ಗಾದೆ. ಮೊದಲ ಎರಡು ಸಂಪುಟಗಳನ್ನು ಕವಿ ಅರ್ಪಿಸಿದ್ದು ತನ್ನ ತಂದೆತಾಯಿಗೆ. ಅಗಸ್ಟ್ ಮತ್ತು ಕ್ಲಾರಾರನ್ನು ಅಲ್ಲಿ ಅವನು ಇಲಿನಾಯ್ ಬಯಲಿನ ದುಡಿಮೆಗಾರರೆಂದು ಕರೆದಿದ್ದಾನೆ. ತಾಯಿ ಆಗ ಬದುಕಿದ್ದಳು. ಆ ವರ್ಷದ ಕೊನೆಯಲ್ಲಿ ತೀರಿಕೊಂಡಳು.

1929ರ ನಂತರದ ಆರ್ಥಿಕ ಕುಸಿತದಲ್ಲಿ ಕೋಟ್ಯಂತರ ಜನ ಕೆಲಸ ಕಳೆದುಕೊಂಡ ಕಾಲದಲ್ಲಿ, 1936ರಲ್ಲಿ, 'ದಿ ಪೀಪಲ್, ಯೆಸ್' ಎಂಬ ದೀರ್ಘ ಕಾವ್ಯ ಬಂತು. 107 ಭಾಗಗಳ ಈ ಕೃತಿ ಒಂದು ದೊಡ್ಡ ಸಂತೆಯಂತೆ ಇದೆ. ಗಾದೆ, ನಗೆಹನಿ, ಕಟ್ಟುಕತೆ, ಸಾಲಗಾರರ ಜಗಳ, ಗೋರಿಕಲ್ಲಿನ ಬರಹ ಎಲ್ಲವೂ ಇವೆ. ಜನರನ್ನು ಮೋಸಗೊಳಿಸಬಹುದು, ಅವರು ಮರೆಯುತ್ತಾರೆ, ಆದರೆ ಕೊನೆಗೆ ಉಳಿಯುವವರು ಅವರೇ ಎಂಬುದು ಅದರ ನಂಬಿಕೆ. ನನಗೆ ಮುಖ್ಯವಾಗಿ ಕಾಣುವುದು ಅದರ ಆರಂಭ. ಬೈಬಲಿನ ಬೇಬೆಲ್ ಗೋಪುರದ ಕತೆಯಿಂದ ಕಾವ್ಯ ತೊಡಗುತ್ತದೆ. ಭೂಮಿಯ ಮೂಲೆಮೂಲೆಯಿಂದ ಬಂದ ಕೆಲಸಗಾರರು ಗೋಪುರ ಕಟ್ಟುತ್ತಿರುವಾಗ ದೇವರು ಅವರ ನಾಲಿಗೆಗಳನ್ನು ಅದಲುಬದಲು ಮಾಡುತ್ತಾನೆ, ಕೆಲಸ ನಿಲ್ಲುತ್ತದೆ. ಅಯೋವಾದ ಗವರ್ನರನ ಘೋಷಣೆಗೆ ಬೈಗುಳದಂತೆ ಅಂಟಿದ ಆ ಹೆಸರು ಇಲ್ಲಿ ಜನರ ಕಾವ್ಯದ ಹೊಸ್ತಿಲಾಗಿದೆ. ಬೇರೆಬೇರೆ ಮಾತಿನವರು ಕೂಡಿ ದುಡಿಯುವುದರಿಂದಲೇ ಒಂದು ಜನತೆ ಆಗುತ್ತದೆ, ಆ ಕಷ್ಟವನ್ನು ಬಿಟ್ಟು ಜನರ ಕತೆ ಹೇಳಲಾಗದು ಎಂದು ಅವನು ತಿಳಿದಿದ್ದನೆಂದು ನಾನು ಓದಿಕೊಳ್ಳುತ್ತೇನೆ.

ಆಕ್ಷೇಪಗಳು

ಅವನನ್ನು ಎಲ್ಲರೂ ಒಪ್ಪಲಿಲ್ಲ. ಛಂದಸ್ಸಿಲ್ಲದೆ ಬರೆಯುವುದು ನಡುವಿನ ಬಲೆ ಇಳಿಸಿ ಟೆನಿಸ್ ಆಡಿದಂತೆ ಎಂಬ ಫ್ರಾಸ್ಟನ ಚುಚ್ಚುಮಾತು ಪ್ರಸಿದ್ಧವಾಗಿದೆ. 1950ರಲ್ಲಿ ಸಮಗ್ರ ಕವಿತೆಗಳು ಪ್ರಕಟವಾಗಿ ಮರುವರ್ಷ ಪುಲಿಟ್ಜರ್ ಬಂದಾಗ, ಮೊದಲ ಸಂಕಲನದ ನಂತರ ಈತ ಬೆಳೆಯಲಿಲ್ಲ ಎಂಬ ಧಾಟಿಯಲ್ಲಿ ಕವಿ ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ಬರೆದ. ಲಿಂಕನ್ ಸಂಪುಟಗಳಲ್ಲಿ ದಂತಕತೆ ಮತ್ತು ದಾಖಲೆಗಳ ನಡುವಿನ ಗೆರೆ ಅಳಿಸಿದೆಯೆಂದು ಚರಿತ್ರಕಾರರು ದೂರಿದರು. ಇವುಗಳಲ್ಲಿ ನಿಜಾಂಶವಿದೆ. ಅವನ ನೂರಾರು ಕವಿತೆಗಳು ಸಡಿಲವಾಗಿವೆ. ಇಟಲಿಯವರನ್ನು, ಹಂಗೇರಿಯವರನ್ನು ಬೀದಿಯಲ್ಲಿ ಕರೆಯುತ್ತಿದ್ದ ಹೀನ ಹೆಸರುಗಳನ್ನೇ ಅವನು ಕವಿತೆಗೆ ತಂದದ್ದು ಇಂದಿನ ಓದುಗನಿಗೆ ಮುಜುಗರ ತರುತ್ತದೆ.

ನನ್ನ ಆಕ್ಷೇಪ ಬೇರೆ. ಅವನ ಇಟಲಿಯ ಕೂಲಿ, ಹಂಗೇರಿಯ ವಾದ್ಯಗಾರ, ಮೀನು ಮಾರುವ ಯಹೂದಿ ಎಲ್ಲರನ್ನೂ ನಾವು ಕಾಣುತ್ತೇವೆ. ಅವರ ಸ್ವಂತ ಮಾತನ್ನು ಕೇಳುವುದಿಲ್ಲ. ಮನೆಯಲ್ಲಿ ಇನ್ನೊಂದು ಭಾಷೆ ಆಡಿದ ಕವಿಯೇ ಹೀಗೆ ಮಾಡಬೇಕಾಯಿತು. ಜನಗಳ ನಡುವೆ ಹೆಸರು ಮಾಡಲು ಆ ದೇಶ ಕೇಳಿದ ಬೆಲೆ ಅದಾಗಿತ್ತು. ಸ್ವೀಡಿಷ್ ಅವನ ಹೆಸರಿನಲ್ಲಿ, ಮುಖದಲ್ಲಿ, 1953ರಲ್ಲಿ ಬರೆದ ಬಾಲ್ಯದ ಆತ್ಮಕತೆಯ ಪುಟಗಳಲ್ಲಿ ಉಳಿಯಿತು, ಕವಿತೆಯ ಭಾಷೆಯಾಗಲಿಲ್ಲ. ಅವನು ತನ್ನ ಜನರನ್ನು ಬಿಟ್ಟುಕೊಡಲಿಲ್ಲ, ಮಾತನ್ನು ಬಿಟ್ಟುಕೊಟ್ಟ. ಎರಡನ್ನೂ ಉಳಿಸಿಕೊಳ್ಳಲು ಸಾಧ್ಯವೇ ಎಂಬ ಪ್ರಶ್ನೆ ಅವನ ಕಾಲದ ಅಮೆರಿಕದಲ್ಲಿ ಬಗೆಹರಿಯಲಿಲ್ಲ. ನಮ್ಮ ಮಕ್ಕಳ ಪುಸ್ತಕದ ಚೀಲಗಳನ್ನು ನೋಡುವಾಗ ಇಲ್ಲಿಯೂ ಅದು ಬಗೆಹರಿದಿಲ್ಲ ಎಂದು ತಿಳಿಯುತ್ತದೆ. ಆದರೂ ಎರಡು ಭಾಷೆಯ ಪುಟಗಳನ್ನು ಒಟ್ಟಿಗೆ ಹೊಲಿದು ಕೊಡುವ ಇಂಥ ವಾರ್ಷಿಕಗಳು ನಡೆಯುತ್ತಿರುವವರೆಗೆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ನಿಂತಿಲ್ಲವೆಂದೇ ಅರ್ಥ.

ಕೊನೆಯ ವರ್ಷಗಳು

1945ರಲ್ಲಿ ದಂಪತಿ ಉತ್ತರ ಕೆರೊಲಿನಾದ ಫ್ಲ್ಯಾಟ್ ರಾಕ್ ಎಂಬ ಹಳ್ಳಿಗೆ ಹೋದರು. ಲಿಲಿಯನ್ ಸಾಕುತ್ತಿದ್ದ ಉತ್ತಮ ತಳಿಯ ಹಾಲಿನ ಆಡುಗಳಿಗೆ ಹೆಚ್ಚು ಮೇವು, ಒಳ್ಳೆಯ ಹವೆ ಬೇಕಿತ್ತು. ಅವರು ಕೊಂಡ ಮನೆ, ಲಿಂಕನ್ನನ ವಿರುದ್ಧ ಕಾದಿದ ದಕ್ಷಿಣದ ಸರಕಾರದಲ್ಲಿ ಖಜಾನೆ ಮಂತ್ರಿಯಾಗಿದ್ದ ಮೆಮಿಂಜರನದು. ಲಿಂಕನ್ನನ ಚರಿತ್ರಕಾರ ಅದೇ ಮನೆಯಲ್ಲಿ ಇಪ್ಪತ್ತೆರಡು ವರ್ಷ ಬಾಳಿ, 1967ರ ಜುಲೈ 22ರಂದು ಕಣ್ಣು ಮುಚ್ಚಿದ. ಆ ಮನೆ ಈಗ ರಾಷ್ಟ್ರೀಯ ಸ್ಮಾರಕ. ಆಡುಗಳನ್ನೂ ಅಲ್ಲಿ ಸಾಕುತ್ತಾರೆ.

ಅವನ ಚಿತಾಭಸ್ಮವನ್ನು ಗೇಲ್ಸ್‌ಬರ್ಗಿಗೆ ತಂದು, ಹುಟ್ಟಿದ ಮನೆಯ ಹಿತ್ತಲಿನಲ್ಲಿ ಒಂದು ಬಂಡೆಯಡಿ ಹೂಳಿದರು. ಮನೆಯೆಂದರೆ ಮೂರು ಕೋಣೆಗಳ ಒಂದು ಪುಟ್ಟ ಗೂಡು, ರೈಲು ಹಳಿಗೆ ಹತ್ತಿರ. ಗಂಟೆಗೆ 14 ಸೆಂಟ್ ಕೂಲಿಯ ಸ್ವೀಡಿಷ್ ಕಮ್ಮಾರ ದಿನವೂ ಕೆಲಸಕ್ಕೆ ಹೊರಟದ್ದು ಅಂಥ ಮನೆಗಳಿಂದ. ಮಗನ ಹಿತ್ತಲಿನ ಬಂಡೆಯನ್ನು ನೋಡಲು ಇಂದಿಗೂ ಜನ ಅಲ್ಲಿಗೆ ಹೋಗುತ್ತಾರೆ.